ಹಳೆಯ ಹಂಚಿನ ಮನೆ ಕೊಳ್ಳುವುದಿದ್ದರೆ ಒಮ್ಮೆ ಆಟಿಯಲ್ಲೂ ನೋಡಿ

ಉಡುಪಿ, ಮಂಗಳೂರಿನ ಹಳ್ಳಿಗಳಲ್ಲಿ ಹಳೆಯ ಮನೆಯನ್ನು ಎರಡು ಸಲ ನೋಡಬೇಕು: ಮೇ ತಿಂಗಳಲ್ಲಿ ಬಾವಿಯ ನೀರಿಗಾಗಿ, ಜುಲೈ ನಡುವೆ ಶುರುವಾಗುವ ತುಳು ತಿಂಗಳು ಆಟಿಯ ಮಳೆಯಲ್ಲಿ ಮಾಡಿಗಾಗಿ, ಅಂದರೆ ಛಾವಣಿಗಾಗಿ. ಬೇಸಿಗೆಯಲ್ಲಿ ಸೋರುವ ಮಾಡೂ ಚೆನ್ನಾಗಿಯೇ ಕಾಣುತ್ತದೆ.

ಆರ್‌ಟಿಸಿ (ಪಹಣಿ), ಮ್ಯುಟೇಶನ್ (ಖಾತೆ ಬದಲಾವಣೆಯ ದಾಖಲೆ), ಕನಿಷ್ಠ 30 ವರ್ಷದ ಇಸಿ (ಋಣಭಾರ ಪತ್ರ) ತೆಗೆಸಿ, ವಕೀಲರಿಗೆ ತೋರಿಸಿ. ನಮ್ಮ ಕಡೆ ಹೆಚ್ಚಿನವರು ಎಡವುವುದು ಕುಮ್ಕಿಯಲ್ಲಿ. ವರ್ಗ ಜಾಗಕ್ಕೆ (ಖಾಸಗಿ ಪಟ್ಟಾ ಜಮೀನಿಗೆ) ತಾಗಿ 100 ಗಜದೊಳಗಿರುವ ಜಾಗವೇ ಕುಮ್ಕಿ, ಅದು ಸರಕಾರದ್ದು. ಸೊಪ್ಪು, ಸೌದೆಯಂಥ ಸವಲತ್ತು ಮಾತ್ರ ವರ್ಗದಾರರದು. ಕ್ರಯಪತ್ರದಲ್ಲಿ ಬರೆದುಕೊಟ್ಟರೂ ಅದು ನಿಮ್ಮದಾಗದು. ದನದ ಹಟ್ಟಿ, ದಾರಿ, ಕೆಲವೊಮ್ಮೆ ಬಾವಿಯೇ ಅದರಲ್ಲಿರುತ್ತದೆ. ಸರ್ವೆ ಮಾಡಿಸಿ, ಗಡಿಕಲ್ಲು ಕಂಡ ಮೇಲೆ ಮುಂಗಡ ಕೊಡಿ. ಕುಟುಂಬದ ಆಸ್ತಿಯಾದರೆ ಮುಂಬಯಿಯಲ್ಲಿರುವವರೂ ಸೇರಿ ಎಲ್ಲ ಪಾಲುದಾರರ ಸಹಿ ಬೇಕು. ಜಾಗದಲ್ಲಿ ನಾಗಬನವಿದ್ದರೆ ತಂಬಿಲ (ನಾಗನ ಪೂಜೆ) ಯಾರು ನಡೆಸುತ್ತಾರೆ, ಅವರಿಗೆ ದಾರಿ ಎಲ್ಲಿ ಎಂಬುದೂ ಮೊದಲೇ ತೀರ್ಮಾನವಾಗಲಿ.

ಇನ್ನು ಮಾಡು. ಟಾರ್ಚ್ ಹಿಡಿದು ಅಟ್ಟ ಹತ್ತಿ. ಪಕ್ಕಾಸು (ಮಾಡಿನ ಓರೆ ಮರ) ಗೋಡೆಯ ಮೇಲೆ ಕೂರುವ ತುದಿಗೆ ಸ್ಕ್ರೂಡ್ರೈವರ್ ಚುಚ್ಚಿ ನೋಡಿ. ಅರ್ಧ ಇಂಚು ಸಲೀಸಾಗಿ ಇಳಿದರೆ ಒಳಗೆ ಗೆದ್ದಲು ತಿಂದಿದೆ ಅಥವಾ ಮರ ಕುಂಬಾಗಿದೆ (ಕೊಳೆತಿದೆ). ನಡುವೆ ಗಟ್ಟಿಯಿದ್ದು ತುದಿ ಮಾತ್ರ ಹೋಗಿದ್ದರೆ ಇಡೀ ಪಕ್ಕಾಸು ಬದಲಿಸುವುದು ದುಡ್ಡು ದಂಡ, ತುದಿಗೆ ಜೋಡಿ ಮರ ಕೊಟ್ಟರೆ ಸಾಕು. ಎರಡು ಮಾಡು ಕೂಡುವ ಕಣಿವೆಯಲ್ಲಿ ತಗಡು ತುಕ್ಕು ಹಿಡಿದಿರುತ್ತದೆ. ಅದರ ಕೆಳಗಿನ ಮರವನ್ನಂತೂ ಬಿಡದೆ ನೋಡಿ.

ಹತ್ತಡಿ ಚೌಕಕ್ಕೆ ಸುಮಾರು 140 ಹಂಚು ಬೇಕು, ಒಡೆಯುವುದಕ್ಕೆಂದು ನೂರಕ್ಕೆ ಹತ್ತು ಸೇರಿಸಿಕೊಳ್ಳಿ. ಕ್ರೈಸ್ತ ಸಂಸ್ಥೆ ಬಾಸೆಲ್ ಮಿಷನ್ 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಶುರುಮಾಡಿದ ಮೇಲೆ ಹಲವು ಕಾರ್ಖಾನೆಗಳು ಬಂದವು, ಒಂದೊಂದರ ಅಳತೆಯೂ ಸ್ವಲ್ಪ ಬೇರೆ. ಹಳತರ ನಡುವೆ ಹೊಸತನ್ನು ಸಿಕ್ಕಿಸಿದರೆ ಕಚ್ಚು ಕೂರುವುದಿಲ್ಲ, ಗಾಳಿಮಳೆಗೆ ಎರಚಲು ಒಳಗೆ ಬರುತ್ತದೆ. ಹಾಗಾಗಿ ಬೆರಳಿನಿಂದ ತಟ್ಟಿ ಠಣ್ ಎನ್ನುವ ಹಳೆಯ ಹಂಚುಗಳನ್ನು ಒಂದೇ ಬದಿಗೆ ಹಾಕಿ. ಇನ್ನೊಂದು ಬದಿಗೆ ಪೂರ್ತಿ ಹೊಸತು, ಹಂಚು ಕೂರುವ ರೀಪಿನ (ಮರದ ಪಟ್ಟಿಯ) ಅಂತರವೂ ಅದರ ಅಳತೆಗೆ.

ಮಣ್ಣಿನಲ್ಲಿ ಕಟ್ಟಿದ ಮುರಕಲ್ಲಿನ (ಜಂಬಿಟ್ಟಿಗೆ ಕಲ್ಲಿನ) ಗೋಡೆಗೆ ಸಿಮೆಂಟ್ ಗಾರೆ ಬೇಡವೇ ಬೇಡ. ನೀರಪಸೆ ಒಳಗೇ ಸಿಕ್ಕಿಕೊಂಡು ಗಾರೆ ಹಪ್ಪಳದಂತೆ ಏಳುತ್ತದೆ. ಒಂದು ಪಾಲು ಸುಣ್ಣಕ್ಕೆ ಮೂರು ಪಾಲು ಮರಳು ಸಾಕು. ಬುಡ ಒದ್ದೆಯಿದ್ದರೆ ಮೊದಲು ಅಂಗಳ ನೋಡಿ: ವರ್ಷವರ್ಷ ಮಣ್ಣು ಹಾಕಿ ಅದು ಪಂಚಾಂಗದ (ಮನೆಯ ಅಡಿಪಾಯದ ಕಟ್ಟೆಯ) ಮಟ್ಟಕ್ಕೇ ಏರಿರುತ್ತದೆ. ಕೆರೆದು ತಗ್ಗಿಸಿ, ಮಾಡಿನ ನೀರಿಗೆ ತೋಡು ಮಾಡಿಕೊಡಿ.

ದೀಪಾವಳಿ ಕಳೆದ ಕೂಡಲೇ ಮರ ಸೀಳಿಸಿ ನೆರಳಲ್ಲಿ ಒಣಗಿಸಿ, ಫೆಬ್ರವರಿಯಲ್ಲಿ ಮಾಡು ಬಿಚ್ಚಿ. ಏಪ್ರಿಲ್ ಮುಗಿಯುವುದರೊಳಗೆ ಹಂಚು ಹೊದಿಸಿಬಿಡಿ. ಮಾಡಿಲ್ಲದ ಮಣ್ಣಿನ ಗೋಡೆ ಮೇ ತಿಂಗಳ ಒಂದೇ ಗುಡುಗುಮಳೆಗೆ ಕರಗತೊಡಗುತ್ತದೆ.