ಪಿಕಪ್ ಮುಂದಿನ ಬ್ರೇಕ್ ಪ್ಯಾಡ್ ಮನೇಲೇ ಬದಲಿಸೋರಿಗೆ

ಮಂಡ್ಯ ಕಡೆ ಕಬ್ಬಿನ ಲೋಡ್ ಹೊಡೆಯೋ ಗಾಡಿ ಪ್ಯಾಡ್ 3 ಮಿ.ಮೀ.ಗೆ ಇಳಿದ್ರೆ ಕಾಯಬೇಡಿ, ಎರಡೂ ಕಡೆ ಒಟ್ಟಿಗೇ ಹಾಕಿ. ಹಿಂದಿನ ಚಕ್ರಕ್ಕೆ ಕಲ್ಲು ಕೊಟ್ಟು, ಮುಂದಿನ ಚಕ್ರದ ನಟ್ ಸಡಿಲಿಸಿ, ಆಮೇಲೆ ಜಾಕ್ ಎತ್ತಿ ಸ್ಟ್ಯಾಂಡ್ ಮೇಲೆ ಕೂರಿಸಿ.

ಬಿಚ್ಚಿದ ಕ್ಯಾಲಿಪರನ್ನ (ಪ್ಯಾಡನ್ನ ಡಿಸ್ಕಿಗೆ ಒತ್ತೋ ಭಾಗ) ತಂತಿಯಲ್ಲಿ ಕಟ್ಟಿ. ಬ್ರೇಕ್ ಆಯಿಲ್ ಹೋಸ್‌ನಲ್ಲಿ ನೇತಾಡಿದ್ರೆ ಹೋಸ್ ಒಳಗೇ ಸೀಳಬಹುದು, ಹೊರಗೆ ಕಾಣಲ್ಲ. ಹೊಸ ಪ್ಯಾಡಿಗೆ ಜಾಗ ಆಗೋಕೆ ಕ್ಯಾಲಿಪರ್ ಒಳಗಿನ ಪಿಸ್ಟನ್ ಒತ್ತೋ ಮುಂಚೆ ಬ್ರೇಕ್ ಆಯಿಲ್ ಡಬ್ಬಿ ನೋಡಿ. ತುಂಬಿದ್ರೆ ಉಕ್ಕಿ ಪೇಂಟ್ ತಿನ್ನುತ್ತೆ. ಹಳೇ ಪ್ಯಾಡ್ ಅಡ್ಡ ಇಟ್ಟು ಸಿ-ಕ್ಲಾಂಪಲ್ಲಿ ನಿಧಾನಕ್ಕೆ ಒತ್ತಿ.

ಒಂದೇ ಚಕ್ರದಲ್ಲಿ ಒಳಗಿನ ಪ್ಯಾಡ್ ಮಾತ್ರ ಸವೆದಿದ್ರೆ ಸಾಮಾನ್ಯವಾಗಿ ಸ್ಲೈಡ್ ಪಿನ್ (ಕ್ಯಾಲಿಪರ್ ಆಚೀಚೆ ಜಾರೋ ಪಿನ್) ಹಿಡ್ಕೊಂಡಿರುತ್ತೆ. ಗದ್ದೆ ಬದಿ ಕೆಸರಲ್ಲಿ ಓಡೋ ಗಾಡಿಗೆ ಇದು ಮಾಮೂಲಿ: ರಬ್ಬರ್ ಬೂಟ್ ಹರಿದು ನೀರು ಸೇರಿರುತ್ತೆ. ಪಿನ್ ಒರೆಸಿ ಸಿಲಿಕಾನ್ ಗ್ರೀಸ್ ಹಚ್ಚಿ, ಡಿಸ್ಕಿಗೆ ತಾಗಿಸಬೇಡಿ.

ಗಾಡಿ ತೆಗೆಯೋ ಮುಂಚೆ ಪೆಡಲ್ ಗಟ್ಟಿಯಾಗೋವರೆಗೂ ತುಳೀರಿ. ಮರೆತ್ರೆ ಮೊದಲ ಬ್ರೇಕೇ ಸಿಗಲ್ಲ.