ತೋಟದ ಇಳಿಜಾರಿನಲ್ಲಿ ಬೇರ್‌ಫುಟ್ ಶೂ: ನನ್ನ ಅನುಭವ

ಬೇರ್‌ಫುಟ್ ಶೂ ಬಿಟ್ಟು ಬೇರೆ ಶೂಗೆ ಕಾಲು ಹಾಕದೆ ನನಗೆ ಎರಡು ವರ್ಷ ಆಯ್ತು. ಬೇರ್‌ಫುಟ್ ಶೂ ಅಂದರೆ ಸೋಲು (ಅಡಿಯ ಅಟ್ಟೆ) ತೆಳು, ಹಿಮ್ಮಡಿ ಎತ್ತರ ಇಲ್ಲ, ಮೆತ್ತೆ ಇಲ್ಲ, ಬೆರಳಿಗೆ ಅಗಲ ಜಾಗ; ಬರಿಗಾಲಲ್ಲಿ ನಡೆದ ಹಾಗೆ ಇರುವ ಶೂ. ತೋಟಕ್ಕೂ ಅದೇ, ಮಡಿಕೇರಿ ಪೇಟೆಗೂ ಅದೇ, ಮದುವೆ ಮನೆಗೂ ಅದೇ. ಗಮ್‌ಬೂಟ್ ಒಂದು ಮಾತ್ರ ಬಿಡಲು ಆಗಲಿಲ್ಲ, ಅದರ ಕಥೆ ಮುಂದೆ ಹೇಳುತ್ತೇನೆ. ಕೊಡಗಿನ ಮಳೆಗೆ, ಈ ಗುಡ್ಡಕ್ಕೆ ಇದು ನಡೆಯಲ್ಲ ಅಂತ ಹೇಳದವರು ಯಾರೂ ಇರಲಿಲ್ಲ. ನಡೆಯಿತು. ಹೇಗೆ ಅಂತ ಬರೆಯುತ್ತಿದ್ದೇನೆ.

ನಾನು ಸುಂಟಿಕೊಪ್ಪದ ಹತ್ತಿರ ಒಂದು ಕಾಫಿ ತೋಟದಲ್ಲಿ ರೈಟರ್, ಅಂದರೆ ಆಳುಗಳ ಹಾಜರಿ, ಕೆಲಸ, ಲೆಕ್ಕ ನೋಡಿಕೊಳ್ಳುವವನು. ಬೆಳಿಗ್ಗೆ ಹಾಜರಿ ತೆಗೆದುಕೊಂಡು ಹೊರಟರೆ ದಿನಕ್ಕೆ ಹತ್ತು ಹನ್ನೆರಡು ಕಿಲೋಮೀಟರ್ ನಡಿಗೆ. ಅದರಲ್ಲಿ ಸಮತಟ್ಟು ಅಂತ ಸಿಗುವುದು ಕಣ ಒಂದೇ. ನಲವತ್ತು ದಾಟಿದ ಮೇಲೆ ಹಿಮ್ಮಡಿ ನೋವು ಶುರುವಾಯಿತು. ಬೆಳಿಗ್ಗೆ ಮಂಚದಿಂದ ಇಳಿದು ಮೊದಲ ಹೆಜ್ಜೆ ಇಟ್ಟರೆ ಮೊಳೆ ತುಳಿದ ಹಾಗೆ. ಜೆಲ್ ಪ್ಯಾಡ್ ಹಾಕಿದೆ, ಸಿಲಿಕಾನ್ ಹೀಲ್ ಕಪ್ ಹಾಕಿದೆ, ಎಂಸಿಆರ್ ಅನ್ನುವ ಮೆತ್ತನೆ ರಬ್ಬರ್ ಚಪ್ಪಲಿ ಎರಡು ಜೊತೆ ಸವೆಸಿದೆ, ಹಿಮ್ಮಡಿಗೆ ಎರಡು ಇಂಜೆಕ್ಷನ್ ಕೂಡ ಆಯಿತು. ಎಲ್ಲ ಸೇರಿ ಮೂರು ವರ್ಷದಲ್ಲಿ ಹದಿನಾಲ್ಕು ಹದಿನೈದು ಸಾವಿರ ಹೋಗಿರಬೇಕು. ನೋವು ಮೂರು ತಿಂಗಳು ಹೋಗುತ್ತಿತ್ತು, ಮತ್ತೆ ಬರುತ್ತಿತ್ತು.

ಮೊದಲ ಬೇರ್‌ಫುಟ್ ಶೂ ತಂದದ್ದು 2022ರ ಮೇ ಕೊನೆಗೆ. ಹೊರದೇಶದ್ದು, ನೆನಪಿದ್ದಷ್ಟು 9,400 ರೂಪಾಯಿ. ಬಂದ ದಿನವೇ ತೋಟಕ್ಕೆ ಹಾಕಿಕೊಂಡು ಹೋದೆ. ಇಡೀ ದಿನ. ಅದೇ ನಾನು ಮಾಡಿದ ದೊಡ್ಡ ತಪ್ಪು. ನಾಲ್ಕನೇ ದಿನ ಮೀನಖಂಡ ಕಲ್ಲಾಯಿತು, ಮೆಟ್ಟಿಲು ಇಳಿಯುವಾಗ ಗೋಡೆ ಹಿಡಿದುಕೊಳ್ಳಬೇಕು. ಅಭ್ಯಾಸ ಆದರೆ ಸರಿಹೋಗುತ್ತೆ ಅಂದುಕೊಂಡೆ. ಮೂರನೇ ವಾರ ಪಾದದ ಮೇಲ್ಭಾಗ ಊದಿಕೊಂಡಿತು, ಎರಡನೇ ಬೆರಳಿನ ಬುಡದಿಂದ ಎರಡಿಂಚು ಹಿಂದೆ. ಬೆರಳಿನಿಂದ ಒತ್ತಿದರೆ ಜೀವ ಹೋಗುವ ಹಾಗೆ. ಮೊದಲ ಎಕ್ಸ್‌ರೇಯಲ್ಲಿ ಏನೂ ಕಾಣಲಿಲ್ಲ. ಎರಡು ವಾರ ಬಿಟ್ಟು ಇನ್ನೊಂದು ತೆಗೆದಾಗ ಮೂಳೆಯಲ್ಲಿ ಕೂದಲೆಳೆ ಬಿರುಕು, ಅದರ ಸುತ್ತ ಹೊಸ ಮೂಳೆ ಕಟ್ಟುತ್ತಿರುವ ಗುರುತು. ಆರು ವಾರ ನಡೆಯಬಾರದು ಅಂದರು. ಆರು ವಾರ ಆಫೀಸಿನಲ್ಲಿ ಕೂತು ಲೆಕ್ಕ ಬರೆದೆ. ಸಾಹುಕಾರರು ಒಳ್ಳೆಯವರು, ಸಂಬಳ ಹಿಡಿಯಲಿಲ್ಲ. ಆದರೆ ಒಂದು ಮಾತು ಹೇಳಿದರು: "ರೈಟ್ರೇ, ಆ ಶೂನ ಇನ್ನು ತೋಟಕ್ಕೆ ತರಬೇಡಿ."

ಆ ಶೂ ಸೈಜು ಕೂಡ ಸರಿ ಇರಲಿಲ್ಲ. ನಾನು ಮಾಮೂಲಿ ನಂಬರ್ ನೋಡಿ ತರಿಸಿದ್ದೆ. ವಾಪಸ್ ತೆಗೆದುಕೊಳ್ಳಲಿಲ್ಲ. ಕುಶಾಲನಗರದ ಒಬ್ಬ ಹುಡುಗನಿಗೆ ಮೂರು ಸಾವಿರಕ್ಕೆ ಕೊಟ್ಟೆ.

ಕೂತಲ್ಲೇ ಆರು ವಾರ ಇದ್ದಾಗ ಯೋಚನೆ ಮಾಡಿದೆ. ನಾನು ಒಂದೇ ದಿನದಲ್ಲಿ ಎರಡು ಬದಲಾವಣೆ ಮಾಡಿದ್ದೆ. ಹಿಮ್ಮಡಿ ಎತ್ತರ ತೆಗೆದೆ, ಮೆತ್ತೆ ತೆಗೆದೆ, ಅದನ್ನೂ ಮಳೆಗಾಲದ ಬಾಗಿಲಲ್ಲಿ, ಇಳಿಜಾರಿನ ಮೇಲೆ. ಝೀರೋ ಡ್ರಾಪ್‌ನಲ್ಲಿ, ಅಂದರೆ ಹಿಮ್ಮಡಿಯೂ ಮುಂಗಾಲೂ ಒಂದೇ ಎತ್ತರ ಇರುವ ಶೂನಲ್ಲಿ, ಗುಡ್ಡ ಹತ್ತಿದರೆ ಮೀನಖಂಡ ತುಂಬಾ ಎಳೆಯುತ್ತದೆ. ಈ ಶೂಗೆ ಕಾಲು ಒಗ್ಗಲು ಎಷ್ಟು ಸಮಯ ಬೇಕು ಅಂತ ಬೆಂಗಳೂರಿನ ಪಾರ್ಕಿನಲ್ಲಿ ನಡೆಯುವವರು ಬರೆದಿಟ್ಟ ಲೆಕ್ಕ ನಮ್ಮ ಗುಡ್ಡಕ್ಕೆ ಹೊಂದುವುದಿಲ್ಲ. ಅವರ ನಾಲ್ಕು ತಿಂಗಳು ಅಂದರೆ ಇಲ್ಲಿ ಒಂದು ವರ್ಷ ಅಂತ ಇಟ್ಟುಕೊಳ್ಳಿ.

ಹಾಗಾಗಿ ಎರಡನೇ ಸಲ ನವೆಂಬರ್‌ನಲ್ಲಿ ಶುರು ಮಾಡಿದೆ. ಮಳೆ ನಿಂತಿರುತ್ತದೆ, ನೆಲ ಗಟ್ಟಿ, ಜಿಗಣೆ ಇಲ್ಲ. ಅರೇಬಿಕಾ ಕುಯ್ಲು ನಡೆಯುತ್ತಿರುತ್ತದೆ. ಕುಯ್ಲಿನಲ್ಲಿ ರೈಟರ್ ಕೆಲಸ ನಿಂತು ನೋಡುವುದು, ತೂಕ ಬರೆಯುವುದು. ನಡಿಗೆ ಕಮ್ಮಿ. ಶೂ ಕೂಡ ಬೇರೆ ತಂದೆ. ಬೆರಳಿಗೆ ಅಗಲ ಜಾಗ ಇರುವ, ಝೀರೋ ಡ್ರಾಪ್, ಆದರೆ ದಪ್ಪ ಸೋಲಿನದು. ಸೇಲ್‌ನಲ್ಲಿ ಐದು ಸಾವಿರದ ಹತ್ತಿರ ಬಿತ್ತು. ಅದು ಬೇರ್‌ಫುಟ್ ಅಲ್ಲವೇ ಅಲ್ಲ ಅಂತ ಹೇಳುವವರು ಹೇಳಲಿ. ನನ್ನ ಅನುಭವದಲ್ಲಿ ಮೊದಲು ಅಗಲ ಬೇಕು, ಆಮೇಲೆ ಚಪ್ಪಟೆ, ಕೊನೆಗೆ ತೆಳು. ಈ ವರಸೆ ತಪ್ಪಿದ್ದಕ್ಕೇ ನನ್ನ ಮೂಳೆ ಬಿರುಕು ಬಿಟ್ಟದ್ದು. ದಪ್ಪ ಸೋಲಿನ ಮೇಲೆ ಪೂರ್ತಿ ಒಂದು ವರ್ಷ ನಡೆದೆ. ಹೂ ಮಳೆ ಬರುವ ಹೊತ್ತಿಗೆ, ಅಂದರೆ ಫೆಬ್ರವರಿ ಮಾರ್ಚ್‌ಗೆ, ಬೆಳಗಿನ ಹಿಮ್ಮಡಿ ನೋವು ಅರ್ಧ ಇಳಿದಿತ್ತು.

ಅದರ ಜೊತೆಗೇ ಕಣದ ಮೇಲೆ ಬರಿಗಾಲು. ಬೆಳಿಗ್ಗೆ ಹಣ್ಣು ಹರಡುವ ಮೊದಲು ಸಿಮೆಂಟ್ ಕಣ ತಣ್ಣಗೆ, ಇಬ್ಬನಿಯಿಂದ ಸ್ವಲ್ಪ ಒದ್ದೆ ಇರುತ್ತದೆ. ಅದರ ಮೇಲೆ ಐದು ನಿಮಿಷ. ವಾರಕ್ಕೆ ಎರಡು ನಿಮಿಷ ಜಾಸ್ತಿ ಮಾಡುತ್ತಾ ಹೋದೆ. ಸಿಮೆಂಟಿನ ಮೇಲೆ ಹಿಮ್ಮಡಿ ಕುಕ್ಕಿ ನಡೆದರೆ ತಲೆಯವರೆಗೆ ಸದ್ದು ಬರುತ್ತದೆ. ಯಾರೂ ಹೇಳಿಕೊಡಬೇಕಿಲ್ಲ, ಹೆಜ್ಜೆ ತಾನಾಗಿ ಚಿಕ್ಕದಾಗುತ್ತದೆ, ಹಗುರಾಗುತ್ತದೆ. ಸಂಜೆ ಆಫೀಸಿನ ಮೆಟ್ಟಿಲ ಅಂಚಿನಲ್ಲಿ ನಿಂತು ಹಿಮ್ಮಡಿ ಏರಿಸಿ ಇಳಿಸುವುದು, ಹದಿನೈದರಂತೆ ಮೂರು ಸಲ. ಕೆಳಗೆ ಇಳಿಸುವಾಗ ನಿಧಾನ. ಇದನ್ನು ಬಿಟ್ಟವರು ಶೂ ಬಗ್ಗೆ ದೂರಬೇಡಿ.

ಇನ್ನೊಂದು ಪ್ರಯೋಗ ಮಾಡಿದೆ. ರೋಬಸ್ಟಾ ಒಣಕಾಯಿ ನೆಲದ ಮೇಲೆ ಚೆಲ್ಲಿ ಕಾಲ್ಬೆರಳಿಂದ ಹೆಕ್ಕಿ ಬುಟ್ಟಿಗೆ ಹಾಕುವುದು. ಮೊದಲ ದಿನ ಐದು ನಿಮಿಷಕ್ಕೆ ಮೂರು ಕಾಯಿ. ಕಿರುಬೆರಳು ಅಲ್ಲಾಡುತ್ತಲೇ ಇರಲಿಲ್ಲ. ಈಗ ನಲವತ್ತರ ಹತ್ತಿರ ಬರುತ್ತದೆ. ಮನೆಯಲ್ಲಿ ಮಗಳು ಐವತ್ತು ದಾಟಿಸುತ್ತಾಳೆ, ಅವಳಿಗೆ ಹನ್ನೊಂದು ವರ್ಷ.

ಮಗಳ ವಿಷಯ ಬಂತು. ಮಣಿಪಾಲದ ಕಸ್ತೂರ್ಬಾ ಮೆಡಿಕಲ್ ಕಾಲೇಜಿನ ಡಾಕ್ಟರುಗಳಾದ ರಾವ್ ಮತ್ತು ಜೋಸೆಫ್ 1992ರಲ್ಲಿ ಒಂದು ಅಧ್ಯಯನ ಪ್ರಕಟಿಸಿದ್ದರು. 2300 ಮಕ್ಕಳ ಪಾದದ ಅಚ್ಚು ತೆಗೆದು ನೋಡಿದ್ದು. ಶೂ, ಚಪ್ಪಲಿ ಹಾಕುವ ಮಕ್ಕಳಲ್ಲಿ ನೂರಕ್ಕೆ 8.6 ಮಂದಿಗೆ ಚಪ್ಪಟೆ ಪಾದ, ಬರಿಗಾಲಲ್ಲಿ ಬೆಳೆದವರಲ್ಲಿ 2.8. ಮುಚ್ಚಿದ ಶೂ ಹಾಕಿದವರಲ್ಲೇ ಜಾಸ್ತಿ. ಅದು ಮಕ್ಕಳ ಚಪ್ಪಟೆ ಪಾದದ ಲೆಕ್ಕ, ನನ್ನ ಹಿಮ್ಮಡಿಯದ್ದಲ್ಲ. ಆದರೂ ಅದನ್ನು ಓದಿದ ಮೇಲೆ ಮಗಳಿಗೆ ಶಾಲೆ ಬಿಟ್ಟ ಮೇಲೆ ಶೂ ಬೇಡ ಅಂತ ಮನೆಯಲ್ಲಿ ನಿಯಮ ಮಾಡಿದೆ. ಶಾಲೆಯ ಕಪ್ಪು ಶೂ ಕೂಡ ಅಗಲ ನೋಡಿಯೇ ತಂದೆ. ಅದಕ್ಕೆ ಮೂರು ಅಂಗಡಿ ಸುತ್ತಬೇಕಾಯಿತು.

ತೆಳು ಸೋಲಿಗೆ ಹೋದದ್ದು 2023ರ ನವೆಂಬರ್‌ಗೆ. ಈ ಸಲ ಅಳತೆ ಸರಿಯಾಗಿ ತೆಗೆದೆ. ಸಂಜೆ ಹೊತ್ತು, ನಡೆದು ಬಂದ ಮೇಲೆ, ಕಾಗದದ ಮೇಲೆ ಭಾರ ಹಾಕಿ ನಿಂತು, ಪೆನ್ಸಿಲ್ ನೇರ ಹಿಡಿದು ಗೆರೆ ಎಳೆಯಬೇಕು. ನನ್ನ ಎಡಗಾಲು 262 ಮಿಲಿಮೀಟರ್, ಬಲಗಾಲು 258. ಅಗಲ 104. ಶೂ ಒಳಗಿನ ಉದ್ದ ದೊಡ್ಡ ಕಾಲಿಗಿಂತ ಹತ್ತು ಹನ್ನೆರಡು ಮಿಲಿಮೀಟರ್ ಜಾಸ್ತಿ ಇರಬೇಕು. ನಮ್ಮ ಇಳಿಜಾರಿಗೆ ನಾನು ಹನ್ನೆರಡೇ ಇಡುತ್ತೇನೆ, ಇಲ್ಲದಿದ್ದರೆ ಇಳಿಯುವಾಗ ಹೆಬ್ಬೆರಳ ಉಗುರು ಕಪ್ಪಾಗುತ್ತದೆ. ದೇಶದಲ್ಲೇ ಮಾಡುವ ಒಂದು ಜೊತೆ 3,600ಕ್ಕೆ ಸಿಕ್ಕಿತು. ಮೊದಲ ವಾರ ದಿನಕ್ಕೆ ಇಪ್ಪತ್ತು ನಿಮಿಷ, ಉಳಿದ ಹೊತ್ತು ದಪ್ಪ ಸೋಲು, ಎರಡೂ ಜೊತೆ ಚೀಲದಲ್ಲಿ. ಇಡೀ ದಿನ ಹಾಕಿದ್ದು ಮಾರ್ಚ್‌ನಲ್ಲಿ.

ಆಮೇಲೆ ಮಳೆಗಾಲ. ಎಲ್ಲರೂ ಕಾಯುತ್ತಿದ್ದದ್ದು ಅದಕ್ಕೇ.

ಮೊದಲ ಪಾಠ ಹಿಡಿತದ್ದು. ಆ ಶೂ ಸೋಲು ನಯ. ಜೂನ್ ಎರಡನೇ ವಾರ ಕೆಂಪು ಮಣ್ಣಿನ ಇಳಿಜಾರಿನಲ್ಲಿ ಜಾರಿ ಮೊಣಕೈ ತರಚಿತು. ಸೋಲಿನಲ್ಲಿ ಕನಿಷ್ಠ ನಾಲ್ಕು ಮಿಲಿಮೀಟರ್ ಹಲ್ಲು ಇರಬೇಕು, ಹಲ್ಲುಗಳ ಮಧ್ಯೆ ಜಾಗ ಇರಬೇಕು. ಒತ್ತೊತ್ತಾಗಿದ್ದರೆ ಮಣ್ಣು ಮೆತ್ತಿಕೊಂಡು ಮತ್ತೆ ನಯವೇ ಆಗುತ್ತದೆ. ಹಲ್ಲಿನ ಸೋಲಿನ ಇನ್ನೊಂದು ಜೊತೆಗೆ 4,800 ಕೊಟ್ಟೆ.

ಎರಡನೇದು ಒಣಗಿಸುವುದು. ನಮ್ಮಲ್ಲಿ ಮಳೆಗಾಲಕ್ಕೆ ಏನನ್ನಾದರೂ ಒಣಗಿಸಬೇಕು ಅಂದರೆ ಒಲೆ ಮೇಲಿನ ಅಟ್ಟವೇ ಗತಿ. ಶೂ ಅಲ್ಲಿಟ್ಟೆ. ಬೆಳಿಗ್ಗೆ ತೆಗೆದರೆ ಗಮ್ ಬಿಟ್ಟು ಸೋಲು ಮುಂದಿನಿಂದ ನಾಲಿಗೆ ಹಾಗೆ ಜೋತಾಡುತ್ತಿತ್ತು. ಪೇಟೆಯಲ್ಲಿ ಚಪ್ಪಲಿ ರಿಪೇರಿ ಮಾಡುವ ಅಣ್ಣನ ಹತ್ತಿರ ಅಂಟಿಸಿ ಸುತ್ತ ಹೊಲಿಸಿದೆ, 350 ರೂಪಾಯಿ. ಆ ಹೊಲಿಗೆ ಇವತ್ತಿಗೂ ಬಿಟ್ಟಿಲ್ಲ. ಈಗ ಹೊಸ ಶೂ ಬಂದ ದಿನವೇ ಅವರ ಹತ್ತಿರ ಕೊಟ್ಟು ಸುತ್ತ ಹೊಲಿಗೆ ಹಾಕಿಸಿಬಿಡುತ್ತೇನೆ. ಒಣಗಿಸಲು ಇನ್‌ಸೋಲ್ ಹೊರಗೆ ತೆಗೆದು, ಒಳಗೆ ಹಳೆ ಪೇಪರ್ ತುರುಕಿ, ಎರಡು ಗಂಟೆಗೊಮ್ಮೆ ಪೇಪರ್ ಬದಲಾಯಿಸಬೇಕು. ಎರಡು ಜೊತೆ ಇಲ್ಲದೆ ಕೊಡಗಿನ ಮಳೆಗಾಲ ಕಳೆಯಲು ಆಗಲ್ಲ, ಸುಮ್ನೆ ಒಂದರಲ್ಲೇ ಎಳೆಯಲು ಹೋಗಬೇಡಿ. ಒಂದು ಸಂತೋಷದ ವಿಷಯ: ಬೆರಳುಗಳ ಮಧ್ಯೆ ಗಾಳಿ ಆಡುವುದರಿಂದ ಪ್ರತಿ ಮಳೆಗಾಲ ಬರುತ್ತಿದ್ದ ಬೆರಳ ಸಂದಿಯ ಕೊಳೆ, ತುರಿಕೆ ಎರಡು ವರ್ಷದಿಂದ ಇಲ್ಲ.

ಮೂರನೇದು ಜಿಗಣೆ. ಅಂಗಡಿಯ ಜಿಗಣೆ ಕಾಲುಚೀಲ ಮುಂದೆ ಚೂಪು, ಬೆರಳನ್ನೆಲ್ಲ ಒಟ್ಟಿಗೆ ಒತ್ತುತ್ತದೆ. ಅಗಲ ಶೂ ಹಾಕಿ ಚೂಪು ಚೀಲ ಹಾಕಿದರೆ ಏನು ಬಂತು? ಸುಂಟಿಕೊಪ್ಪದ ಟೈಲರ್ ಹತ್ತಿರ ನನ್ನ ಪಾದದ ಗೆರೆ ಕೊಟ್ಟು ದಪ್ಪ ಬಟ್ಟೆಯಲ್ಲಿ ಹೊಲಿಸಿದೆ, ಒಂದು ಜೊತೆಗೆ 150 ರೂಪಾಯಿ. ಹೊರಗಿನಿಂದ ಹಚ್ಚಲು ಹೊಗೆಸೊಪ್ಪು, ಸುಣ್ಣ, ಇನ್ನೂ ಒಂದು ವಸ್ತು. ಆ ಅಳತೆ ನಮ್ಮ ತಾತನದ್ದು, ಅದು ಮನೆಯಲ್ಲೇ ಇರಲಿ. ಜುಲೈ ಪೂರ್ತಿ ನನಗೆ ಕಚ್ಚಿದ್ದು ಮೂರೋ ನಾಲ್ಕೋ.

ಗಮ್‌ಬೂಟ್ ಎಲ್ಲಿ ಹಾಕುತ್ತೇನೆ ಅಂದರೆ, ಕಳೆ ತೆಗೆಸುವಾಗ. ಹಾವು ಇರುವ ಕಡೆ ಬೇರ್‌ಫುಟ್ ಶೂ ಹಟ ಬೇಡ. ಆದರೆ ಗಮ್‌ಬೂಟಿನ ಹಿಮ್ಮಡಿ ಎತ್ತರ. ಎರಡು ನಂಬರ್ ದೊಡ್ಡದು ತಂದು, ಮುಂಗಾಲಿನ ಭಾಗಕ್ಕೆ ಹಳೆ ರಬ್ಬರ್ ಮ್ಯಾಟ್ ಕತ್ತರಿಸಿ ತುಂಬಿ, ಒಳಗೆ ಸಮ ಮಾಡಿಕೊಂಡೆ. ಮ್ಯಾಟ್ ಜಾರದ ಹಾಗೆ ಕೂರಿಸುವುದು ಕಷ್ಟ. ನಾಲ್ಕು ಸಲ ಕೆಟ್ಟು ಐದನೇ ಸಲಕ್ಕೆ ಕೂತಿತು. ಹೇಗೆ ಅಂತ ಕೇಳಿದ ನಮ್ಮ ಪಕ್ಕದ ತೋಟದ ರೈಟರ್‌ಗೂ ಇನ್ನೂ ಹೇಳಿಲ್ಲ.

ಪೂರ್ತಿ ಕೆಟ್ಟ ಪ್ರಯೋಗವೂ ಇದೆ. ಮದುವೆಗೆ ಅಂತ ಇದ್ದ ಹಳೆ ಚರ್ಮದ ಶೂ ಹಿಮ್ಮಡಿ ಕೀಳಿಸಿ ಚಪ್ಪಟೆ ಮಾಡಿಸಿದೆ. ಶೂ ಮೂತಿ ಮೇಲಕ್ಕೆದ್ದು ದೋಣಿ ಹಾಗೆ ಆಯಿತು. ಹಿಮ್ಮಡಿ ಎತ್ತರಕ್ಕೆ ಅಂತಲೇ ಬಗ್ಗಿಸಿ ಕಟ್ಟಿದ ಶೂ ಅದು, ಹಿಂದೆ ಕಿತ್ತರೆ ಮುಂದೆ ಏಳುತ್ತದೆ. ಕೊನೆಗೆ ಪೇಟೆಯ ಅದೇ ರಿಪೇರಿ ಅಣ್ಣನ ಕೈಲಿ ನನ್ನ ಪಾದದ ಗೆರೆಗೆ ಹೊಸದಾಗಿ ಕಪ್ಪು ಚರ್ಮದ್ದು ಮಾಡಿಸಿದೆ, 2,800. ಎರಡು ಮದುವೆಗೆ ಹಾಕಿದ್ದೇನೆ, ಯಾರೂ ಬೇರೆ ಥರ ನೋಡಲಿಲ್ಲ.

ಅಮ್ಮ ತನಗೂ ಒಂದು ಜೊತೆ ಬೇಕು ಅಂದರು. ಅವರಿಗೆ ಹದಿನೈದು ವರ್ಷದಿಂದ ಸಕ್ಕರೆ ಕಾಯಿಲೆ, ಅಂಗಾಲು ಜೋಮು. ಮುಳ್ಳು ಚುಚ್ಚಿದರೂ ಗೊತ್ತಾಗಲ್ಲ. ಕೊಡಿಸಲಿಲ್ಲ. ಈ ಶೂ ಕೆಲಸ ಮಾಡುವುದೇ ಕಾಲು ನೆಲದ ಸುದ್ದಿ ಹೇಳುವುದರಿಂದ. ಸುದ್ದಿ ಬಾರದ ಕಾಲಿಗೆ ಇದು ಅಪಾಯ.

ಹಣದ ಲೆಕ್ಕ ಕೂಡಿಸಿದರೆ ಕೆಟ್ಟದ್ದು, ಮಾರಿದ್ದು, ರಿಪೇರಿ ಎಲ್ಲ ಸೇರಿ ಇಪ್ಪತ್ತೈದು ಸಾವಿರದ ಸುತ್ತಮುತ್ತ. ಈಗ ಶುರು ಮಾಡುವವರಿಗೆ ಅರ್ಧದಲ್ಲಿ ಆಗುತ್ತದೆ. ಹಿಮ್ಮಡಿ ನೋವು ಎರಡನೇ ಮಳೆಗಾಲದಿಂದ ಇಲ್ಲ. ನನ್ನ ಪಾದ ಕೂಡ ಬದಲಾಗಿದೆ: ಅಗಲ 104 ಇದ್ದದ್ದು ಈಗ 107.

ಎಲ್ಲರಿಗಿಂತ ಜಾಸ್ತಿ ಬೈದವರು ಭಾವ. ಮಿಲಿಟರಿಯಲ್ಲಿ ಇಪ್ಪತ್ತೆರಡು ವರ್ಷ ಇದ್ದವರು. ಗಟ್ಟಿ ಬೂಟ್ ಇಲ್ಲದೆ ಸಿಪಾಯಿ ಇಲ್ಲ ಅನ್ನುತ್ತಿದ್ದರು. ಅಬೆಬೆ ಬಿಕಿಲ ಕೂಡ ಇಥಿಯೋಪಿಯಾದ ಸಿಪಾಯಿಯೇ, 1960ರಲ್ಲಿ ರೋಮ್ ಒಲಿಂಪಿಕ್ಸ್ ಮ್ಯಾರಥಾನ್ ಬರಿಗಾಲಲ್ಲಿ ಓಡಿ ಗೆದ್ದ ಅಂದೆ. "ನಾಲ್ಕು ವರ್ಷ ಬಿಟ್ಟು ಟೋಕಿಯೋದಲ್ಲಿ ಶೂ ಹಾಕಿಯೇ ಗೆದ್ದ, ಅದನ್ನೂ ಹೇಳು" ಅಂದರು. ಅದೂ ನಿಜವೇ.

ಕಳೆದ ಡಿಸೆಂಬರ್‌ನಲ್ಲಿ ಇಬ್ಬರೂ ತಡಿಯಂಡಮೋಳ್ ಬೆಟ್ಟ ಹತ್ತಿದೆವು, ನಾಲ್ಕುನಾಡು ಅರಮನೆ ಕಡೆಯಿಂದ. 1748 ಮೀಟರ್. ಮೇಲಿನ ಕಡಿದಾದ ಕಾಡು ದಾರಿಯಲ್ಲಿ ಬೇರು, ಸಡಿಲ ಕಲ್ಲು. ಭಾವನ ಬೂಟು ಎರಡು ಕಡೆ ಹೊರಳಿತು. ನಾನು ಇಳಿಯುವಾಗಲೂ ಅವರಿಗಿಂತ ಮುಂದೆ ಇದ್ದೆ. ಅವರು ಏನೂ ಹೇಳಲಿಲ್ಲ. ಮುಂದಿನ ಭಾನುವಾರ ಮನೆಗೆ ಬಂದು ಜಗಲಿಯಲ್ಲಿ ಬೂಟು ಬಿಚ್ಚಿದರು.

"ಆ ಕಾಗದ ತಾ, ಗೆರೆ ಎಳಿ ನೋಡೋಣ."

ಹಾಳೆಯ ಮೇಲೆ ನಿಲ್ಲಿಸಿದೆ. ಹೆಬ್ಬೆರಳು ಪಕ್ಕದ ಬೆರಳ ಕಡೆ ಪೂರ್ತಿ ವಾಲಿತ್ತು, ಕಿರುಬೆರಳು ಮಡಚಿ ಒಳಗೆ ಸೇರಿತ್ತು. ಸುತ್ತ ಪೆನ್ಸಿಲ್ ಎಳೆದಾಗ ಬಂದ ಆಕಾರ ಪಾದದ್ದಲ್ಲ, ಬೂಟಿನದು. ಅವರೂ ಬಗ್ಗಿ ತುಂಬಾ ಹೊತ್ತು ನೋಡಿದರು. 271 ಮಿಲಿಮೀಟರ್. ಆರ್ಡರ್ ಇನ್ನೂ ಹಾಕಿಲ್ಲ. "ಭಾವ, ಮೊದಲು ಜಗಲಿ ಮೇಲೆ ದಿನಾ ಐದು ನಿಮಿಷ ಬರಿಗಾಲಲ್ಲಿ ನಡೀರಿ, ಶೂ ಮಳೆ ಕಳೆದ ಮೇಲೆ ತರೋಣ" ಅಂದಿದ್ದೇನೆ. ನಡೆಯುತ್ತಿದ್ದಾರೆ ಅಂತ ಅಕ್ಕ ಫೋನ್ ಮಾಡಿ ಹೇಳಿದರು.