ಪಿನ್ ಚುಚ್ಚದೆ ರಾಬರ್ ಫ್ಲೈ ಗುರುತಿಸಿದ್ದು: ನನ್ನ ಅನುಭವ

ಹಿಡಿದು ಪಿನ್ ಚುಚ್ಚಿ ಮೈಕ್ರೋಸ್ಕೋಪಿನಡಿ ಇಡದೆ ರಾಬರ್ ಫ್ಲೈ (ಬೇರೆ ಕೀಟ ಹಿಡಿದು ಹೀರುವ ಬೇಟೆನೊಣ) ಹೆಸರು ಹೇಳೋಕಾಗಲ್ಲ ಅಂದವರೇ ಜಾಸ್ತಿ. ಈಗ ನನ್ನ ಹತ್ತು ಸೆಟ್ ಫೋಟೊದಲ್ಲಿ ಎಂಟು ಸೆಟ್ ಕುಲದ (ಜೀನಸ್) ಮಟ್ಟದವರೆಗೆ ಸಲೀಸಾಗಿ ಹೋಗುತ್ತವೆ, ಎರಡು-ಮೂರು ಪ್ರಭೇದದ (ಸ್ಪೀಷೀಸ್) ಮಟ್ಟದವರೆಗೂ.

ಮೊದಲ ಎರಡು ವರ್ಷದ ಸಾವಿರಕ್ಕೂ ಮಿಕ್ಕಿದ ಫೋಟೊ ದಂಡ. ಎಲ್ಲದರಲ್ಲೂ ಕಣ್ಣು ಥಳಥಳ, ರೆಕ್ಕೆ ಮಸುಕು. ರಿಂಗ್ ಲೈಟಿಗೆ ಕೊಟ್ಟ ನಾಲ್ಕು ಸಾವಿರವೂ ಹೋಯಿತು: ಎದೆಯ ಮೇಲೆ ಬಿಳಿ ಬಳೆ ಮೂಡಿ, ಅಲ್ಲಿನ ಪಟ್ಟೆಯೇ ಕಾಣುತ್ತಿರಲಿಲ್ಲ. ಈಗ ಇರುವುದು ಸೆಕೆಂಡ್ ಹ್ಯಾಂಡ್ 100 ಎಂಎಂ ಮ್ಯಾಕ್ರೊ, ಫ್ಲ್ಯಾಶಿನ ಮುಂದೆ ಚಿಪ್ಸ್ ಡಬ್ಬ, ಅದರ ಬಾಯಿಗೆ ಎರಡು ಪದರ ಟ್ರೇಸಿಂಗ್ ಪೇಪರ್. ಬೆಳಕು ಮೆದುವಾಗಿಸುವ ಈ ಡಿಫ್ಯೂಸರಿನ ಖರ್ಚು ಐವತ್ತು ರೂಪಾಯಿ ದಾಟಿಲ್ಲ. ಕ್ಯಾಮೆರಾ ಸೆಟ್ಟಿಂಗ್ ಎಫ್ 11, 1/200, ಐಎಸ್‌ಒ 200.

ಬಣ್ಣ ನಂಬಿ ಬಹಳ ಸಲ ಮೋಸಹೋದೆ. ಹೊಸದಾಗಿ ಹೊರಬಂದ ನೊಣದ ಹೊಂಬಣ್ಣದ ಕೂದಲು ದಿನ ಕಳೆದಂತೆ ಉದುರುತ್ತದೆ. ಪ್ರೊಮ್ಯಾಕಸ್ ಕುಲದ ಒಂದೇ ನೊಣ ಎರಡು ಪ್ರಭೇದದಂತೆ ಕಾಣುತ್ತದೆ. ಆ್ಯಪ್‌ಗಳೋ, ನಮ್ಮ ಕುರುಚಲು ಕಾಡಿನ ನೊಣಕ್ಕೆ ಯುರೋಪಿನ ಹೆಸರು ಕೊಡುತ್ತವೆ.

ಹಾಗಾಗಿ ಮೊದಲು ರೆಕ್ಕೆ. ಕೂತಾಗ ಒಂದರ ಮೇಲೊಂದು ಮಡಚಿರುವುದರಿಂದ ಮೇಲಿನ ರೆಕ್ಕೆಯ ಮುಂದಿನ ಅಂಚು, ತುದಿಯ ಹತ್ತಿರ ಫೋಕಸ್ ಇಡಬೇಕು. ಆರ್1 ಕೋಶ (ಮುಂದಿನ ಅಂಚಿನ ಬಳಿ ನಾಳಗಳ ನಡುವಿನ ಕಿಂಡಿ) ಅಂಚು ಮುಟ್ಟುವ ಮೊದಲೇ ಮುಚ್ಚಿ ಸಣ್ಣ ತೊಟ್ಟು ಬಿಟ್ಟಿದ್ದರೆ ಅಸಿಲಿನೇ ಅಥವಾ ಲ್ಯಾಫ್ರಿನೇ ಉಪಕುಟುಂಬದ ಕಡೆ ಹೋಗಿ. ಕೋಶ ತೆರೆದಿದ್ದು, ನೊಣ ಹೊಳೆದಂಡೆಯ ಮರಳಿನ ಮೇಲೆ ಕೂತ ಪುಟಾಣಿಯಾದರೆ ಸ್ಟಿಕೊಪೋಗಾನ್ ಕುಲ ನೋಡಿ. ಕಡ್ಡಿಯಂತೆ ಸಣಕಲಾಗಿ ಹುಲ್ಲಿಗೆ ಜೋತಿದ್ದರೆ ಲೆಪ್ಟೊಗ್ಯಾಸ್ಟರ್ ಬಳಗ. ಪ್ರೊಮ್ಯಾಕಸ್‌ಗೆ ಸಬ್‌ಮಾರ್ಜಿನಲ್ ಕೋಶ (ಆರ್1ರ ಹಿಂದಿನ ಕಿಂಡಿಗಳು) ಮೂರು, ಇದೊಂದೇ ಸಾಕು ಅರ್ಧ ಗೊಂದಲ ಕಳೆಯಲು.

ಆಮೇಲೆ ಮುಖ, ಪಕ್ಕದಿಂದ. ಮೀಸೆಯ ಬಿರುಗೂದಲು ಮುಖ ಪೂರ್ತಿ ಇದೆಯೋ, ಬಾಯಂಚಿಗೆ ಮಾತ್ರವೋ. ಕುಡಿಮೀಸೆಯ (ಆಂಟೆನಾ) ತುದಿಯ ಎಳೆಗೆ ಒಂದೇ ಕಡೆ ಬಾಚಣಿಗೆಯ ಹಲ್ಲಿನಂತೆ ರೋಮ ಇದ್ದರೆ ಒಮ್ಯಾಟಿಯಸ್ ಕುಲ. ಆ ಎಳೆಯೇ ಇಲ್ಲದೆ ಮೊಂಡಾಗಿದ್ದರೆ ಲ್ಯಾಫ್ರಿನೇ.

ಹತ್ತಿರ ಹೋಗಲು ಒಳ್ಳೆ ಹೊತ್ತು ಅದು ಬೇಟೆ ಹೀರುತ್ತಿರುವಾಗ. ಒಂದು ಗೇಣಿನವರೆಗೂ ಬಿಡುತ್ತದೆ. ಹಾರಿಹೋದರೆ ಅಟ್ಟಿಸಿಕೊಂಡು ಹೋಗಬೇಡಿ, ಬಹಳ ಸಲ ಅದೇ ಕಡ್ಡಿಗೆ ವಾಪಸ್ ಬರುತ್ತದೆ. ಕೂತಿದ್ದ ಎಲೆಯನ್ನು ಆಮೇಲೆ ಸ್ಕೇಲಿನಲ್ಲಿ ಅಳೆದು ಫೋಟೊಗೆ ಹೋಲಿಸಿದರೆ ನೊಣದ ಉದ್ದವೂ ಸಿಕ್ಕಿತು.

ರೆಕ್ಕೆಯ ಹಿಂದೆ ಬಿಳಿ ಹಾಳೆ ಹಿಡಿದು ನೋಡಿದೆ, ಪ್ರತಿಸಲವೂ ಹಾರಿತು. ಟಾರ್ಚಿನಿಂದ ಹಿಂಬೆಳಕು ಕೊಟ್ಟರೆ ಮೋಡ ಕವಿದ ದಿನ ಮಾತ್ರ ನಾಳ ಕಾಣುತ್ತದೆ. ಕೆಳಗಿಂದ ಆಕಾಶಕ್ಕೆ ಎದುರಾಗಿ, ಒಂದು ಸ್ಟಾಪ್ ಹೆಚ್ಚಿಗೆ ಬೆಳಕು ಬಿಟ್ಟು ತೆಗೆದದ್ದೇ ಚೆನ್ನಾಗಿ ಬಂದದ್ದು. ರೆಕ್ಕೆ ತಾನಾಗಿ ಬಿಚ್ಚುವ ಗಳಿಗೆ ಹಿಡಿಯಲು ಇನ್ನೊಂದು ಉಪಾಯವಿದೆ, ಅದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

ಕೊನೆಗೆ ಬಾಲದ ತುದಿ, ಪಕ್ಕದಿಂದ, ಕನಿಷ್ಠ ಐದಾರು ಫ್ರೇಮ್. ಗಂಡಿನ ಚಿಮಟದ (ಕೂಡುವಾಗ ಹೆಣ್ಣನ್ನು ಹಿಡಿಯುವ ಅಂಗ) ಆಕಾರ ಸ್ಪಷ್ಟವಾಗಿ ಸಿಗದಿದ್ದರೆ ಬೂದು ಬಣ್ಣದ ಸಣ್ಣ ಅಸಿಲಿನೇಗಳಿಗೆ ನಾನು ಪ್ರಭೇದದ ಹೆಸರು ಬರೆಯುವುದಿಲ್ಲ.